ಡಾಕ್ಟರಮ್ಮ ಹಾಕಿದ ಹೊಲಿಗೆ

ಆಪರೇಷನ್ ಥಿಯೇಟರಿಗೆ ಹೊಸದಾಗಿ ಒಬ್ಬ ಟೆಕ್ನೀಷಿಯನ್ ಸೇರಿದ್ದ. ಮೊದಲ ಸಂಬಳ ಕೈಗೆ ಬರುವ ಮೊದಲೇ ಎಲ್ಲ ಬಲ್ಲವನಂತೆ ಓಡಾಡುತ್ತಿದ್ದ. ಕೈ ತೊಳೆಯುವ ಮುನ್ನ ಡಾಕ್ಟರಮ್ಮ ನಲ್ಲಿಯ ಮುಂದೆ ನಿಂತು ಹಣೆ, ಎದೆ, ಎರಡೂ ಭುಜ ಮುಟ್ಟಿಕೊಳ್ಳುವುದನ್ನು ನೋಡಿ, ಕ್ರಿಮಿ ಓಡಿಸುವ ವಿಧಾನದಲ್ಲಿ ಇದೂ ಒಂದು ಹಂತವೆಂದೇ ತಿಳಿದ. ತನ್ನ ಸರದಿ ಬಂದಾಗ ಮೊಣಕೈವರೆಗೆ ತಿಕ್ಕಿ ತೊಳೆದು, ಆಮೇಲೆ ಬಲು ಶ್ರದ್ಧೆಯಿಂದ ಹಣೆ, ಎದೆ, ಭುಜ ಮುಟ್ಟಿಕೊಂಡ. ತೊಳೆದದ್ದೆಲ್ಲ ದಂಡವಾಯಿತು.

"ಅದು ಶಿಲುಬೆ ಗುರುತು ಕಣಪ್ಪಾ. ದೇವರಿಗೆ ಮಾಡೋದು, ಕ್ರಿಮಿಗಲ್ಲ. ಮತ್ತೆ ತೊಳ್ಕೊ," ಎಂದರು ಡಾಕ್ಟರಮ್ಮ.

ಆ ಬುದ್ಧಿವಂತ ಇದನ್ನು ಬರೆಯುತ್ತಿರುವವನೇ. ಅವನ ಪ್ರತಾಪ ಇಷ್ಟಕ್ಕೇ ಸಾಕು, ಕಥೆ ಡಾಕ್ಟರಮ್ಮನದು.

ಡಾಕ್ಟರಮ್ಮ ಗಿಡ್ಡ ಆಳು, ಮೆಟ್ಟುಮಣೆ ಹತ್ತಿ ನಿಂತೇ ಆಪರೇಷನ್ ಮಾಡಬೇಕು. ಬಾಯಿ ಜೋರು, ಕೈ ಮೆತ್ತಗೆ. ಹೊಲಿಗೆ ಹಾಕುವ ಮುನ್ನ ರೋಗಿಯ ಹೊಟ್ಟೆಯೊಳಗೆ ಒಮ್ಮೆ ಕೈಯಾಡಿಸಿ ನೋಡುವುದು ಅವರ ರೂಢಿ. ವ್ಯಾನ್ ಓಡಿಸುವ ಒಬ್ಬನಿಗೆ ಕರುಳಿನ ಆಪರೇಷನ್ ಮಾಡಿದ ದಿನ ಪಕ್ಕದ ಟೇಬಲ್ಲಿಗೆ ತುರ್ತು ಕೇಸು ಬಂತು. ರಕ್ತ ಒರೆಸುವ ಬಟ್ಟೆಗಳ ಲೆಕ್ಕ ಸರಿಯಿದೆ ಎಂದಳು ನರ್ಸ್. ಡಾಕ್ಟರಮ್ಮ ಕೈಯಾಡಿಸದೆ ಹೊಲಿದುಬಿಟ್ಟರು.

ಮನೆಗೆ ಹೋದವನು ಮೈಯೆಲ್ಲ ಕೆಂಡವಾಗಿ ವಾಪಸ್ ಬಂದ. ಸ್ಕ್ಯಾನಿನಲ್ಲಿ ನೋಡಿದರೆ ಒಂದು ಬಟ್ಟೆ ಒಳಗೇ ಉಳಿದಿತ್ತು.

ಮುಖ್ಯ ಸರ್ಜನ್ ಸಾಹೇಬರು ಬಾಗಿಲು ಮುಚ್ಚಿ ದನಿ ತಗ್ಗಿಸಿದರು. "ಸೋಂಕು ಅಂದ್ಬಿಡಿ. ಬಿಚ್ಚಿ, ತೊಳೆದು, ಮುಚ್ಚಿದರಾಯ್ತು."

"ಸೋಂಕಿಗೆ ಅಂಚು ಹೊಲಿದಿರುತ್ತಾ ಸರ್?"

"ಹಾಗಾದ್ರೆ ನರ್ಸ್ ತಲೆಗೆ ಕಟ್ಟಿ. ಲೆಕ್ಕ ಅವಳದ್ದು."

"ಹೊಲಿಗೆ ನಂದು."

"ಕೆಲಸ ಹೋಗುತ್ತಮ್ಮಾ ನಿಮ್ದು. ಈ ವಯಸ್ಸಲ್ಲಿ ಯಾರು ಕರೀತಾರೆ?"

"ಗೊತ್ತು. ಆದ್ರೆ ದೇವರ ಹತ್ತು ಕಟ್ಟಳೇಲಿ ಸುಳ್ಳಾಡಬೇಡ ಅಂತಿದೆ, ಡಾಕ್ಟರಿಗೆ ಅಂತ ರಿಯಾಯಿತಿ ಇಲ್ಲ."

ಡಾಕ್ಟರಮ್ಮ ನೇರ ವಾರ್ಡಿಗೆ ನಡೆದರು. ರೋಗಿಯ ತಾಯಿ ಮಗನ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದಳು. ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತರು.

"ಅಮ್ಮಾ, ಇವನ ಹೊಟ್ಟೇಲಿ ಒಂದು ಬಟ್ಟೆ ಉಳಿದಿದೆ. ಬಿಟ್ಟವಳು ನಾನು. ಇವತ್ತೇ ತೆಗೀಬೇಕು. ದೂರು ಕೊಡ್ತೀರಂದ್ರೆ ಕೊಡಿ, ತಪ್ಪು ನಂದೇ ಅಂತ ಅಲ್ಲೂ ಹೇಳ್ತೀನಿ."

ತಾಯಿ ಒದ್ದೆಬಟ್ಟೆ ಕೆಳಗಿಟ್ಟಳು. "ನಿನ್ನನ್ನ ನಂಬಿ ಮಗನ್ನ ಕೊಟ್ಟಿದ್ನಲ್ಲೇ ತಾಯಿ. ನೋಡ್ದೇ ಹೊಲಿದ್ಯಾ?"

"ನೋಡ್ದೇ ಹೊಲಿದೆ."

"ಹಾಗಾದ್ರೆ ನಿನ್ನ ಕೈ ಬೇಡ. ಬೇರೆಯವರು ತೆಗೀಲಿ."

ಜ್ವರದಲ್ಲೂ ಮಗ ಒಂದು ಕಣ್ಣು ತೆರೆದ. "ಇಟ್ಟ ಜಾಗ ಇವರಿಗಲ್ವೇನಮ್ಮಾ ಗೊತ್ತಿರೋದು?"

ತಾಯಿ ನಗಲಿಲ್ಲ. ಡಾಕ್ಟರಮ್ಮನೂ ನಗಲಿಲ್ಲ. ತಾಯಿ ಹೇಳಿದಂತೆಯೇ ಆಯಿತು: ಬಟ್ಟೆ ತೆಗೆದದ್ದು ಮುಖ್ಯ ಸರ್ಜನ್ನರು. ಆಪರೇಷನ್ ಮುಗಿಯುವವರೆಗೂ ಡಾಕ್ಟರಮ್ಮ ಥಿಯೇಟರಿನ ಹೊರಗಿನ ಬೆಂಚಿನಲ್ಲಿ, ಆ ತಾಯಿಯ ಪಕ್ಕದಲ್ಲೇ ಕೂತಿದ್ದರು. ಒಮ್ಮೆ ಬೈಸಿಕೊಂಡರು, ಒಮ್ಮೆ ನೀರು ತಂದುಕೊಟ್ಟರು.

ಹುಡುಗ ಉಳಿಯುತ್ತಾನೆಂದು ತಿಳಿದು ತಾಯಿ ಒಳಗೆ ಓಡಿದಳು. ಸಾಹೇಬರು ಮುಖಗವಸು ಬಿಚ್ಚುತ್ತ ಬಂದು ಡಾಕ್ಟರಮ್ಮನ ಪಕ್ಕ ಧೊಪ್ಪನೆ ಕೂತರು.

"ನಾಳೆ ಆಡಳಿತದವರು ಕರೀತಾರೆ, ನನ್ನಿಂದ ಏನೂ ಆಗಲ್ಲ. ಅಲ್ಲಮ್ಮಾ, ನಿಮ್ಮಲ್ಲಿ ಪಾಪನಿವೇದನೆ ಅಂತ ಒಂದಿದೆಯಲ್ಲ? ಫಾದರ್ ಕಿವೀಲಿ ಹೇಳಿ ಮುಗಿಸಬಾರದಿತ್ತಾ?"

"ಬಟ್ಟೆ ಉಳಿದಿದ್ದು ಫಾದರ್ ಹೊಟ್ಟೇಲಲ್ಲ ಸರ್," ಎಂದರು ಡಾಕ್ಟರಮ್ಮ.