ನಿಜಗುಣಪ್ಪ ಈ ಸಲ ಭಜಿ ತಿಂದಿರಲಿಲ್ಲ

ರಾಮದುರ್ಗದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತೆಂಟು ವರ್ಷಗಳಿಂದ ಮಿರ್ಚಿ ಭಜಿ ಕರಿಯುತ್ತಿರುವ ನಿಜಗುಣಪ್ಪನಿಗೆ ಹೋದ ವರ್ಷ ಕಿಡ್ನಿ ಕಾಯಿಲೆ ಬಂದು ಮೈಯೆಲ್ಲ ಬಾತಿತು. ಬೆಳಗಾವಿಯ ಡಾಕ್ಟರ್ ಸ್ನೇಹಲ್ ಸ್ಟೆರಾಯ್ಡ್ ಗುಳಿಗೆ ಕೊಟ್ಟು, ಉಪ್ಪು ಬಿಡಿಸಿದರು. ಮೈಯ ಬಾವು ಇಳಿಯಿತು; ಗುಳಿಗೆ ಮುಂದುವರಿಯಿತು. ಉಪ್ಪು ಕಾಯುವ ಕೆಲಸವನ್ನು ಹೆಂಡತಿ ಸೋಮವ್ವ ವಹಿಸಿಕೊಂಡಳು. ಒಮ್ಮೆ ಅವನು ಗಾಡಿಯ ಹಿಂದೆ ಬಗ್ಗಿ ಬಿಸಿ ಭಜಿ ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದ. ಉಗುಳಲೂ ಆಗದೆ ನುಂಗಲೂ ಆಗದೆ ನಿಂತವನನ್ನು ಆಕೆ, "ರುಚಿ ಹೆಂಗೈತ್ರಿ?" ಎಂದಷ್ಟೇ ಕೇಳಿದಳು.

ಮಳೆಗಾಲಕ್ಕೆ ಅವನ ಕುತ್ತಿಗೆಯಲ್ಲಿ ಗಂಟೆದ್ದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಇದು ಗಂಟಿನ ಕ್ಷಯ, ಇನ್ನೊಬ್ಬರಿಗೆ ಅಂಟುವಂಥದ್ದಲ್ಲ ಎಂದು ಧೈರ್ಯ ಹೇಳಿ, ಆರು ತಿಂಗಳ ಗುಳಿಗೆ ಶುರುಮಾಡಿದರು. ಬೇರೆ ಯಾವುದಾದರೂ ಔಷಧ ನಡೆದಿದೆಯೇ ಎಂದು ಕೇಳಿದ್ದಕ್ಕೆ ನಿಜಗುಣಪ್ಪ, "ಏನಿಲ್ಲರಿ" ಎಂದುಬಿಟ್ಟ. ಒಬ್ಬ ಡಾಕ್ಟರರ ಮುಂದೆ ಇನ್ನೊಬ್ಬರ ಹೆಸರೆತ್ತುವುದು ಮರ್ಯಾದೆಯಲ್ಲ ಎಂಬುದು ಅವನ ತಿಳಿವಳಿಕೆ. ತನ್ನ ಗಾಡಿಯ ಮುಂದೆ ನಿಂತು ಮಗ್ಗುಲ ಗಾಡಿಯ ಭಜಿ ಹೊಗಳುವವರು ಅವನಿಗೂ ಸೇರುತ್ತಿರಲಿಲ್ಲ.

ಮೂರು ವಾರಕ್ಕೆ ಕಾಲು ಮತ್ತೆ ಬಾತವು, ಮುಖ ಪೂರಿಯಂತೆ ಉಬ್ಬಿತು.

"ಮತ್ತ ಕದ್ದು ತಿಂದೀರಿ," ಎಂದಳು ಸೋಮವ್ವ.

"ನಿನ್ನಾಣಿ, ಈ ಸಲ ತಿಂದಿಲ್ಲ."

"ಈ ಸಲ ಅಂದ್ರ? ಹಂಗಾರ ಎಷ್ಟ ಸಲ ತಿಂದಿದ್ರಿ?"

ಮರುದಿನದಿಂದ ಆಕೆ ಗಾಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತಳು. ನಾಲ್ಕು ದಿನ ಗಂಡನ ಮೇಲಿನ ಕಣ್ಣು ಕೀಳಲಿಲ್ಲ. ಅವನು ಒಂದು ತುಣುಕೂ ಮುಟ್ಟಲಿಲ್ಲ; ಬಾವು ಮಾತ್ರ ಏರುತ್ತಲೇ ಹೋಯಿತು. ಸೋಮವ್ವನಿಗೆ ಹೆದರಿಕೆಯಾಯಿತು. ಮನೆಯಲ್ಲಿದ್ದ ಗುಳಿಗೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಗಂಡನನ್ನು ಬೆಳಗಾವಿ ಬಸ್ಸಿಗೆ ಹತ್ತಿಸಿದಳು.

ಡಾಕ್ಟರ್ ಸ್ನೇಹಲ್ ಚೀಲದಿಂದ ಕ್ಷಯದ ಗುಳಿಗೆ ಎತ್ತಿ ಹಿಡಿದರು. "ಕಾಕಾ, ಇದನ್ನ ನನಗ್ಯಾಕ ಹೇಳಲಿಲ್ಲ?"

"ಅದು ಗಂಟಿನ ಡಾಕ್ಟರದ್ದರಿ. ನಿಮಗ ಬ್ಯಾಸರ ಆದೀತಂತ..."

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು: "ಇದರಾಗ ರಿಫಾಂಪಿಸಿನ್ ಅಂತ ಐತಿ. ಅದು ಹೊಟ್ಟಿಗಿ ಹೋದ್ರ ಲಿವರ್ ಭಾಳ ಚುರುಕಾಗತೈತಿ. ನಾ ಕೊಟ್ಟ ಸ್ಟೆರಾಯ್ಡ್ ಕೆಲಸ ಮಾಡೂಕಿಂತ ಮೊದಲ ಅದನ್ನ ಕರಗಿಸಿಬಿಡತೈತಿ. ನೀವು ಗುಳಿಗಿ ನುಂಗಿದ್ರೂ ಅರ್ಧಾ ನುಂಗಿದಂಗ ಆಗೈತಿ."

ನಿಜಗುಣಪ್ಪ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ. "ಕೇಳಿದೇನ?"

"ಕೇಳಿದೆ. ಹೇಳಬೇಕಾದಲ್ಲಿ ಬಾಯಿ ಮುಚ್ಚಿದವ್ರು ಯಾರು ಅನ್ನೂದನ್ನೂ ಕೇಳಿದೆ."

ಡಾಕ್ಟರ್ ಅಲ್ಲಿಂದಲೇ ರಾಮದುರ್ಗದ ಸರ್ಕಾರಿ ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿದರು. ಎರಡರಲ್ಲಿ ಯಾವ ಗುಳಿಗೆಯನ್ನೂ ನಿಲ್ಲಿಸುವಂತಿರಲಿಲ್ಲ; ಸ್ಟೆರಾಯ್ಡಿನ ಪ್ರಮಾಣ ಏರಿಸಿ, ಆಗಾಗ ಬಂದು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. ತಿಂಗಳೊಳಗೆ ಬಾವು ಇಳಿಯಿತು. ಆದರೆ ಹೆಚ್ಚಿದ ಸ್ಟೆರಾಯ್ಡಿಗೆ ರಕ್ತದ ಸಕ್ಕರೆ ಏರಿ, ಚಹಾದ ಸಕ್ಕರೆಯೂ ಹೋಯಿತು. ಉಪ್ಪಿನ ತಂಟೆಯಲ್ಲಿ ಗೆದ್ದವನು ಸಕ್ಕರೆಯಲ್ಲಿ ಸೋತ.

ಕ್ಷಯದ ಗುಳಿಗೆ ಮುಗಿಯುವ ಹೊತ್ತಿಗೆ ಗಂಟು ಕರಗಿತ್ತು. ಕೊನೆಯ ಗುಳಿಗೆ ನುಂಗಿದ ದಿನವೇ ಅವನು ತಾನಾಗಿ ಬೆಳಗಾವಿಗೆ ಫೋನ್ ಹಚ್ಚಿದ. "ಡಾಕ್ಟರ್ ಬಾಯಾರ, ನಿಮ್ಮ ಗುಳಿಗಿ ಕರಗಸಾಂವ ಹೋದಾ. ಇನ್ನ ಅದನ್ನ ಇಳಸ್ರಿ." ಅವರು ವಾರ ವಾರವೂ ಪರೀಕ್ಷೆ ನೋಡಿ ಸ್ವಲ್ಪಸ್ವಲ್ಪವೇ ಇಳಿಸಿದರು.

ಮೊನ್ನೆ ಹಲ್ಲುನೋವೆಂದು ಹೋದಲ್ಲಿ, ತನ್ನ ಗುಳಿಗೆಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸುವವರೆಗೂ ನಿಜಗುಣಪ್ಪ ಡಾಕ್ಟರರಿಗೆ ಹಲ್ಲು ಮುಟ್ಟಗೊಡಲಿಲ್ಲವಂತೆ.