ದುರ್ಗದ ಅಂಜೂರ

ಮೊನ್ನೆ ಭಾನುವಾರ ಹಿತ್ತಲಲ್ಲಿ ಅಂಜೂರದ ಕೊಂಬೆ ಸವರುತ್ತಿದ್ದೆ. ಕತ್ತರಿ ಬಿದ್ದ ಕಡೆಯೆಲ್ಲ ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿಕೊಂಡಿತು. ಸೋಪು ಹಾಕಿ ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಹಸಿ ತೆಂಗಿನಕಾಯಿಯದೂ ಆಗತಾನೆ ಕುಯ್ದ ಹುಲ್ಲಿನದೂ ಸೇರಿದಂಥ ವಾಸನೆ ಅದು. ಒಳಗೆ ಬಂದು ಕಾಫಿ ಲೋಟ ಎತ್ತಿದರೆ ಕೈಯಿಂದ ಅದೇ ಬಂತು. ಕಾಫಿ, ಅಂಜೂರದ ಹಾಲು... ಇವೆರಡೂ ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ನೆನಪಾಗುವುದು ಒಬ್ಬರೇ, ನಮ್ಮ ಬೀದಿಯ ರೇಷ್ಮೆ ಇನ್ಸ್‌ಪೆಕ್ಟರು.

ಅವರು ರೇಷ್ಮೆ ಇಲಾಖೆಯಿಂದ ನಿವೃತ್ತರಾಗಿ ಚಿಂತಾಮಣಿಯ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಗೆಲ್ಲ ಇನ್ಸ್‌ಪೆಕ್ಟರೇ. ಸರ್ವೀಸಿನ ಉದ್ದಕ್ಕೂ ಹಳ್ಳಿ ಹಳ್ಳಿ ಸುತ್ತಿ ಹಿಪ್ಪುನೇರಳೆ ತೋಟ ನೋಡಿದ್ದ ಮನುಷ್ಯ, ಮನೆಗೆ ಬಂದ ಮೇಲೆ ಅಂಜೂರ ಹಿಡಿದರು. ಯಾಕೆ ಸರ್ ಎಂದು ಕೇಳಿದರೆ, "ಎರಡೂ ಒಂದೇ ವಂಶ ಕಣಮ್ಮ. ಅಕ್ಕನ ಮನೇಲಿ ಸರ್ವೀಸ್ ಮಾಡ್ದೆ, ತಂಗಿ ಮನೇಲಿ ಪೆನ್ಷನ್ ತಗೊಳ್ತಾ ಇದೀನಿ" ಎನ್ನುತ್ತಿದ್ದರು.

ಯಾರಾದರೂ ಅಂಜೂರದ ಕಡ್ಡಿ ಕೇಳಿದರೆ ತಕ್ಷಣ ಮುರಿದು ಕೊಡುವವರಲ್ಲ. ಮೊದಲು ಮನೆ ನೋಡಬೇಕು ಎನ್ನುತ್ತಿದ್ದರು. ಬೆಳಿಗ್ಗೆ ಒಂದು ಸಲ, ನಡುಮಧ್ಯಾಹ್ನ ಒಂದು ಸಲ, ಹೊತ್ತು ಇಳಿಯುವಾಗ ಇನ್ನೊಂದು ಸಲ ಬರುತ್ತಿದ್ದರು. ಬಂದಾಗಲೆಲ್ಲ ಕಾಫಿ. ಬಿಸಿಲು ಯಾವ ಗೋಡೆ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಸಂಪ್ ಎಷ್ಟು ದೂರ, ಮನೆಯಲ್ಲಿ ಹಣ್ಣು ತಿನ್ನುವವರು ಯಾರು, ಹಕ್ಕಿ ಓಡಿಸಲು ಯಾರಿಗೆ ಪುರುಸೊತ್ತಿದೆ, ಎಲ್ಲ ವಿಚಾರಿಸುತ್ತಿದ್ದರು. "ಹೆಣ್ಣು ಕೊಡೋ ಮೊದಲು ಮನೆ ನೋಡಲ್ವಾ? ಹಂಗೇ ಇದು" ಎನ್ನುತ್ತಿದ್ದರು. ಮೂರು ಕಾಫಿಗೋಸ್ಕರ ಈ ನಾಟಕ ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದೆವು. ನಾನೂ ಆಡಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವರ ಹಿತ್ತಲಲ್ಲಿ ಮೂರು ಮರಗಳಿದ್ದವು. ಒಂದು ಬಳ್ಳಾರಿ ಅಂಜೂರ, ಒಂದು ಪುಣೆಯದು. ಬಳ್ಳಾರಿಯದು ಗಟ್ಟಿ ಜೀವ, ಆದರೆ ಜಾಗ ಬೇಕು, ಇಡೀ ದಿನ ಬಿಸಿಲು ಬೇಕು, ದೊಡ್ಡ ಕಾಂಪೌಂಡಿನವರಿಗೆ ಮಾತ್ರ ಎನ್ನುತ್ತಿದ್ದರು. ಪುಣೆಯದು ಸಿಹಿ, ಸಿಪ್ಪೆ ತೆಳು, ಮಳೆಗಾಲದಲ್ಲಿ ಎಲೆಗೆ ತುಕ್ಕು ಹಿಡಿಯುತ್ತದೆ, ದಿನಾ ಮುಖ ನೋಡುವವರಿರಬೇಕು. ನರ್ಸರಿಗಳಲ್ಲಿ ಸಿಗುವ ಹೊರದೇಶದ ಜಾತಿಗಳ ಬಗ್ಗೆಯೂ ಅವರಿಗೆ ಸಿಟ್ಟಿರಲಿಲ್ಲ. ತಾರಸಿ ಮೇಲೆ ಕುಂಡದಲ್ಲಿ ಬೆಳೆಸುವವರಿಗೆ ಅವೇ ವಾಸಿ ಎನ್ನುತ್ತಿದ್ದರು. ಮೂರನೆಯ ಮರಕ್ಕೆ ಮಾತ್ರ ಹೆಸರಿರಲಿಲ್ಲ. ಯಾವಾಗಲೋ ಡ್ಯೂಟಿ ಮೇಲೆ ಹೋದಾಗ ಅಂಬಾಜಿದುರ್ಗದ ಕೆಳಗಿನ ಒಂದು ತೋಟದಿಂದ ತಂದದ್ದಂತೆ. ಆಮೇಲೆ ಆ ತೋಟವೂ ಇಲ್ಲ, ಆ ಮರವೂ ಇಲ್ಲ. ಅವರು ಅದನ್ನು 'ದುರ್ಗದ್ದು' ಎಂದಷ್ಟೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದ ಹಣ್ಣೆಲ್ಲ ಮೊದಲಿನೆರಡು ಮರದವು, ಕಡು ನೇರಳೆ ಬಣ್ಣದವು. ದುರ್ಗದ್ದು ಹಣ್ಣು ಬಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಅದಕ್ಕೆ ಕತ್ತರಿ ಹಾಕಲು ಅವರಿಗೆ ಮನಸ್ಸು ಬರುತ್ತಿರಲಿಲ್ಲವಂತೆ. ಸವರದ ಅಂಜೂರ ಕಾಯಿ ಕಚ್ಚುವುದು ಕಮ್ಮಿ, ಬರೀ ಸೊಪ್ಪಾಗಿ ಬೆಳೆದು ನಿಂತಿತ್ತು.

ಮಂಡಿ ನೋವು ಹೆಚ್ಚಾಗಿ ಅವರು ಗೌರಿಬಿದನೂರಿನ ಮಗಳ ಮನೆಗೆ ಹೊರಟರು. ಅಳಿಯನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ. ಇಲ್ಲಿನ ಮನೆ ಕೊಂಡವರು ಸೈಟಿನ ತುಂಬ ಕಟ್ಟಡ ಎತ್ತುವವರು, ಮರ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಡುವ ಮುಂಚೆ ಅವರು ದುರ್ಗದ್ದರ ಹತ್ತು ಕಡ್ಡಿ ನೆಟ್ಟರು. ಒಂದೇ ಒಂದು ಬೇರು ಬಿಟ್ಟಿತು. ಅದನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲ ಆಗಿತ್ತು, ಮೂರು ಕಾಫಿಯೂ ಮುಗಿದಿತ್ತು.

"ನೀನು ಆಫೀಸಿಗೆ ಹೋಗೋಳು, ಬಲೆ ಕಟ್ಟಿ ಹಕ್ಕಿ ಕಾಯೋಕಾಗಲ್ಲ. ಈ ಜಾತಿ ಹಣ್ಣು ಹಕ್ಕಿ ಕಣ್ಣಿಗೆ ಬೀಳಲ್ಲ. ಹಣ್ಣಾಯ್ತಾ ಅಂತ ನೋಡೋಕೆ ಕತ್ತು ನೋಡ್ಬೇಕು. ತೊಟ್ಟಿನ ಹತ್ರ ಬಗ್ಗಿದ್ರೆ ಹಣ್ಣು" ಎಂದರು. ಆಮೇಲೆ ಗಿಡವನ್ನು ನನ್ನ ಕೈಗೆ ಕೊಟ್ಟು, "ಇದೊಂದು ಉಳಿಸಮ್ಮ. ಬೇರೆ ಎಲ್ಲೂ ಇಲ್ಲ" ಎಂದರು.

ನಾನು ಜಂಬದಿಂದ ಒಪ್ಪಿಕೊಂಡೆ. ನನಗೆ ಬಾಯಿ ಜೋರು, ಧೈರ್ಯ ಕಮ್ಮಿ. ಆ ಗುಣವೇ ಮುಂದೆ ಕೈಕೊಟ್ಟಿತು.

ಗಿಡ ಒಂದು ವರ್ಷದಲ್ಲಿ ಎದೆಯುದ್ದ ಬಂತು. ಅಷ್ಟರಲ್ಲಿ ಅವರ ಹಿತ್ತಲಿನ ಮೂರು ಮರವೂ ಹೋಗಿ, ಆ ಜಾಗದಲ್ಲಿ ಪಿಲ್ಲರ್ ಎದ್ದಿದ್ದವು. ಸಂಕ್ರಾಂತಿ ಕಳೆದ ವಾರ ನಾನು ಕಾಲೇಜಿನ ಆಫೀಸಿನಿಂದ ಮನೆಗೆ ಬಂದು ಹಿತ್ತಲಿಗೆ ಹೋದರೆ ಗಿಡ ಇಲ್ಲ. ನೆಲದಿಂದ ನಾಲ್ಕು ಬೆರಳು ಎತ್ತರದ ಮೋಟು ಇದೆ. ಪಕ್ಕದಲ್ಲಿ ನಮ್ಮ ಅತ್ತೆ ಕುಡುಗೋಲು ತೊಳೆಯುತ್ತಿದ್ದಾರೆ.

ಅತ್ತೆ ಕೆಂಚಾರ್ಲಹಳ್ಳಿಯವರು, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರು. ಮನೆ ನೋಡಲು ಬಂದಾಗ ಇನ್ಸ್‌ಪೆಕ್ಟರಿಗೂ ಅದನ್ನು ಹೇಳಿದ್ದರು. ಆ ಕಡೆ ಹಿಪ್ಪುನೇರಳೆಯನ್ನು ಬುಡಕ್ಕೇ ಕುಯ್ಯುತ್ತಾರೆ, ಅದು ಮತ್ತೆ ಎದ್ದು ಬರುತ್ತದೆ. ಅವರ ಕೈಗೆ ಗೊತ್ತಿದ್ದದ್ದು ಅದು. "ಎಲೆ ನೋಡ್ದೆ, ನಮ್ ರೇಷ್ಮೆ ಸೊಪ್ಪಿನ ಹಂಗೇ ಇತ್ತು. ಹಾಲೂ ಬಂತು. ಬುಡಕ್ಕೆ ಕುಯ್ದೇ ಇದ್ರೆ ಗಿಡಕ್ಕೆ ಸೋಮಾರಿತನ ಬರ್ತದೆ ಕಣಮ್ಮ" ಎಂದರು, ಏನೋ ಉಪಕಾರ ಮಾಡಿದವರ ಹಾಗೆ.

"ಅಯ್ಯೋ ಅತ್ತೆ, ಅದೊಂದೇ ಇದ್ದಿದ್ದು!"

"ಅದಕ್ಯಾಕೆ ಅಳ್ತೀಯ? ಬರ್ತದೆ ಬಿಡು."

ಬರಲಿಲ್ಲ. ಒಂದು ವಾರ, ಎರಡು ವಾರ, ತಿಂಗಳು. ಮೋಟು ಒಣಗಿದ ಸೌದೆಯ ಹಾಗೆ ನಿಂತಿತ್ತು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡಿ, ಆಮೇಲೆ ಮುಖ ತೊಳೆಯುತ್ತಿದ್ದೆ.

ಇನ್ಸ್‌ಪೆಕ್ಟರು ಆಗಾಗ ಫೋನ್ ಮಾಡುತ್ತಿದ್ದರು. ಮಂಡಿ, ಮಳೆ, ಮೊಮ್ಮಗಳ ಪರೀಕ್ಷೆ ಎಲ್ಲ ಆದ ಮೇಲೆ, "ನಮ್ ಹುಡುಗಿ ಹೆಂಗಿದ್ದಾಳೆ?" ಎಂದು ಗಿಡದ ವಿಚಾರಕ್ಕೆ ಬರುತ್ತಿದ್ದರು. ಚೆನ್ನಾಗಿದಾಳೆ ಸರ್ ಎಂದೆ. ಇನ್ನೊಂದು ಸಲ ಕೇಳಿದಾಗ, ಕಾಯಿ ಕಚ್ಚಿದೆ ಸರ್ ಎಂದೆ. ಯಾಕೆ ಹಾಗೆ ಹೇಳಿದೆನೋ ದೇವರಿಗೇ ಗೊತ್ತು, ಯಾರೂ ಕಾಯಿಯ ವಿಚಾರ ಕೇಳಿರಲೇ ಇಲ್ಲ. ಗೌರಿಬಿದನೂರು ನನ್ನ ತವರು. ಶಿವರಾತ್ರಿಗೆ ಅಮ್ಮನ ಮನೆಗೆ ಹೋಗುವವಳಿದ್ದೆ. ಅದು ಗೊತ್ತಾಗಿ ಅವರು, "ಹಂಗಾದ್ರೆ ಹಣ್ಣಾಗಿದ್ರೆ ಎರಡು ತಗೊಂಡು ಬಾಮ್ಮ. ಎಷ್ಟು ವರ್ಷ ಆಯ್ತೋ ಅದರ ರುಚಿ ನೋಡಿ" ಎಂದರು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕು. ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯಲ್ಲಿ ಪುಣೆ ಅಂಜೂರ ಇಟ್ಟುಕೊಂಡಿದ್ದರು. ಚೆಂದದ ನಾಲ್ಕು ಹಣ್ಣು ಆರಿಸಿ, ಮನೆಯಿಂದ ತಂದಿದ್ದ ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ಹಿತ್ತಲಿನದು ಎನಿಸಲಿ ಎಂದು ಅಡಿಗೆ ಒಂದು ಎಲೆ ಬೇರೆ ಹಾಸಿದೆ. ಅದು ಯಾವ ಎಲೆ ಗೊತ್ತೇ? ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ಸೊಪ್ಪಿನ ಹೊರೆಯಿಂದ ಕಿತ್ತಿದ್ದ ಹಿಪ್ಪುನೇರಳೆ ಎಲೆ! ಜೀವಮಾನವಿಡೀ ಹಿಪ್ಪುನೇರಳೆ ನೋಡಿದವರ ಮುಂದೆ. ಈಗ ನೆನೆದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ.

ಅವರು ಮಗಳ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದರು. ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಒಂದು ಹಣ್ಣು ಬಿಡಿಸಿ ನಿಧಾನವಾಗಿ ತಿಂದರು.

"ಬಣ್ಣ ಚೆನ್ನಾಗಿ ಬಂದಿದೆ ಕಣಮ್ಮ" ಎಂದರು.

ಗೆದ್ದೆ ಎಂದುಕೊಂಡೆ. ನನ್ನ ಮುಖ ಅರಳಿದ್ದನ್ನು ಅವರು ನೋಡಿರಬೇಕು. ಕಾಫಿ ಬಂತು. ಕುಡಿಯುತ್ತಾ, "ನಿಮ್ಮತ್ತೆ ಹೆಂಗಿದ್ದಾರೆ? ಕುಡುಗೋಲು ಹಿಡೀತಾರಾ ಇನ್ನೂ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಇಲ್ಲ ಸರ್, ಅವರು ಹಿತ್ತಲಿಗೆ ಬರೋದೇ ಇಲ್ಲ ಎಂದುಬಿಟ್ಟೆ. ಅವರು ತಲೆಯಾಡಿಸಿದರು. ಹೊರಡುವಾಗ ಇಷ್ಟು ಹೇಳಿದರು: "ಅಂಜೂರ ಚಳೀಲಿ ನಿದ್ದೆ ಮಾಡುತ್ತೆ, ಸತ್ತೋಯ್ತು ಅನ್ಕೋಬಾರದು. ಯುಗಾದಿ ಹೊತ್ತಿಗೆ ಬುಡದಲ್ಲಿ ಚಿಗುರು ಗುಂಪಾಗಿ ಏಳುತ್ತೆ. ಮೂರು ಬಿಟ್ಟು ಮಿಕ್ಕಿದ್ದು ತೆಗೆದ್ಬಿಡು. ನೀರು ನಿಲ್ಲಿಸಬೇಡ."

ಹಣ್ಣು ಬಿಡುತ್ತಿರುವ ಗಿಡಕ್ಕೆ ಬುಡದ ಚಿಗುರಿನ ಮಾತು ಯಾಕೆ? ವಯಸ್ಸಾಯಿತು, ಏನೋ ಮಾತಾಡುತ್ತಾರೆ ಅಂದುಕೊಂಡು ಬಸ್ಸು ಹತ್ತಿದೆ.

ಯುಗಾದಿ ಹೊತ್ತಿಗೆ ಚಿಗುರು ಎದ್ದಿತು. ಏಳೆಂಟು ಇದ್ದವು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮೂರು ಬಿಟ್ಟು ಉಳಿದದ್ದನ್ನು ತೆಗೆದೆ. ಅತ್ತೆ, "ನಾನ್ ಹೇಳ್ಲಿಲ್ವಾ?" ಎಂದು ಮೂರು ದಿನ ಬೀಗಿದರು. ಇನ್ನು ನಿಜ ಹೇಳಲು ಏನು ಅಡ್ಡಿ? ಆದರೆ ಫೋನಿನಲ್ಲಿ ಬೇಡ, ಈ ಗಿಡದ ನಿಜವಾದ ಹಣ್ಣನ್ನೇ ಕೈಗೆ ಕೊಟ್ಟು ಎದುರಿಗೆ ಹೇಳಿದರಾಯಿತು ಎಂದು ಮುಂದೂಡಿದೆ. ಅವರು ಕೇಳುವುದನ್ನು ಬಿಡಲಿಲ್ಲ. "ನಮ್ ಹುಡುಗಿ ಹೆಂಗಿದ್ದಾಳೆ? ಏನಾದ್ರೂ ಹೇಳೋದಿದ್ಯಾ?" ಏನೂ ಇಲ್ಲ ಸರ್, ಚೆನ್ನಾಗಿದಾಳೆ...

ಗೌರಿಹಬ್ಬದ ಹಿಂದುಮುಂದು ಅವರ ಅಳಿಯನ ಫೋನ್ ಬಂತು. ನಿದ್ದೆಯಲ್ಲೇ ಹೋದರಂತೆ.

ಮುಂದಿನ ಬೇಸಿಗೆಯಲ್ಲಿ ಗಿಡ ಕಾಯಿ ಬಿಟ್ಟಿತು. ಕಾಯಿ ಉಬ್ಬಿತು. ನಾನು ನೇರಳೆ ಬಣ್ಣಕ್ಕೆ ಕಾದೆ. ದಿನಗಳು ಹೋದವು, ಹಸಿರು ಹಸಿರಾಗಿಯೇ ಉಳಿಯಿತು. ಸುತ್ತ ಗೊರವಂಕಗಳು ಕೂಗಾಡಿಕೊಂಡಿದ್ದರೂ ಒಂದೂ ಅದರ ಕಡೆ ತಿರುಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಹಿತ್ತಲಿನಿಂದಲೇ ಕೂಗಿದರು: "ಹಣ್ಣಾಗಿ ಬಗ್ಗಿಬಿಟ್ಟಿದೆ, ಕೀಳಬಾರದಾ?" ಹೋಗಿ ನೋಡಿದರೆ ಹೌದು, ಕತ್ತು ಬಗ್ಗಿತ್ತು. ಬಣ್ಣ ಇನ್ನೂ ಹಸಿರು, ಎಲ್ಲೋ ಸ್ವಲ್ಪ ಹಳದಿ. ಬಿಡಿಸಿದರೆ ಒಳಗೆ ಕೆಂಪಗೆ, ಜೇನಿನಂತೆ ಸಿಹಿ.

ದುರ್ಗದ ಅಂಜೂರಕ್ಕೆ ಬಣ್ಣ ಬರುವುದೇ ಇಲ್ಲ.

ಹಣ್ಣು ಕೈಯಲ್ಲಿ ಹಿಡಿದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವರಿಗೆ ಡಬ್ಬಿಯ ಮುಚ್ಚಳ ತೆಗೆದಾಗಲೇ ಎಲ್ಲ ಗೊತ್ತಾಗಿತ್ತು. ಗಿಡಕ್ಕೆ ಏನಾಗಿರಬಹುದು, ಯಾರ ಕೈಯಲ್ಲಿ ಆಗಿರಬಹುದು ಎಂಬುದನ್ನೂ ಊಹಿಸಿದ್ದರು. ನನಗೆ ಅವಮಾನವಾಗದ ಹಾಗೆ ಸುಳ್ಳು ಹಣ್ಣನ್ನು ತಿಂದು, ಗಿಡ ಉಳಿಸುವ ದಾರಿ ಹೇಳಿ ಕಳಿಸಿದ್ದರು. ಆಮೇಲೂ ಪ್ರತಿ ಫೋನಿನಲ್ಲಿ ನಾನೇ ಬಾಯಿಬಿಡಲಿ ಎಂದು ಕಾದಿದ್ದರು. ನನ್ನ ಹಾಳು ಬಾಯಿ, ಬೇಡದ್ದಕ್ಕೆಲ್ಲ ತೆರೆಯುತ್ತದೆ. ಅಷ್ಟು ಸಲ ಕೇಳಿದರೂ ಅದಕ್ಕೊಂದಕ್ಕೆ ತೆರೆಯಲಿಲ್ಲವಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ.

ಮೊನ್ನೆ ಕೊಂಬೆ ಸವರುವಾಗ ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಕಾಂಪೌಂಡಿನ ಮೇಲಿಂದ ಇಣುಕಿದಳು. "ಆಂಟಿ, ಬಿಸಾಕೋ ಕಡ್ಡೀಲಿ ನಂಗೊಂದು ಕೊಡಿ. ಯಾವ ವೆರೈಟಿ ಇದು? ಪರ್ಪಲ್ ಆಗುತ್ತಾ?"

"ಇಲ್ಲಮ್ಮ, ಹಸಿರೇ. ಕತ್ತು ನೋಡಿ ಕೀಳ್ಬೇಕು" ಎಂದೆ. ಮೊದಲು ನಿಮ್ಮ ಮನೆ ನೋಡಬೇಕು, ಮೂರು ಸಲ ಬರ್ತೀನಿ, ಕಾಫಿ ಕೊಡು ಎಂದಾಗ ಅವಳು ನಕ್ಕಳು. ಆಮೇಲೆ, ಕೇಳದಿದ್ದರೂ ಹೇಳಿಬಿಟ್ಟೆ. ನಮ್ಮತ್ತೆ ಇದನ್ನು ಒಂದು ಸಲ ಬುಡಕ್ಕೇ ಕುಯ್ದಿದ್ದರು, ಕೊಟ್ಟವರಿಗೆ ನಾನು ಹೇಳದೆ ಮುಚ್ಚಿಟ್ಟೆ, ಅಂಗಡಿ ಹಣ್ಣು ತಿನ್ನಿಸಿದೆ ಎಂದೆ.

ಅವಳು ಕಣ್ಣರಳಿಸಿ ಕೇಳಿ, "ಅದಕ್ಕೇನಂತೆ ಆಂಟಿ, ಮತ್ತೆ ಬಂತಲ್ಲ" ಎಂದಳು.

ಅಷ್ಟೇ ಮಾತು. ಅವರೂ ಅಷ್ಟೇ ಹೇಳುತ್ತಿದ್ದರೇನೋ, ಕಾಫಿ ಲೋಟ ಕೆಳಗಿಡುತ್ತಾ... ನಾನು ಹೇಳಿದ್ದಿದ್ದರೆ.