ಶರಣಪ್ಪ ಕಾಕಾ ಆರಿಸಿಕೊಟ್ಟ ಹೀಲರ್

ಶರಣಪ್ಪ ಕಾಕಾ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಹೈದರಾಬಾದಿನ ಕಾಚಿಗುಡಾದ ಒಬ್ಬ ಟೇಲರು ಒಮ್ಮೆ ಅವರ ಪ್ಯಾಂಟನ್ನು ಎರಡು ಬೆರಳು ಗಿಡ್ಡ ಹೊಲಿದುಕೊಟ್ಟು, "ಫ್ಯಾಷನ್ ಹೈ ಸಾಬ್" ಎಂದು ನಕ್ಕಿದ್ದನಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದರು. ಕಾಕಾ ಮಾತಾಡದೆ ಪ್ಯಾಂಟು ತಂದರು. ಆಮೇಲೆ ಒಂಬತ್ತು ವರ್ಷ, ವಾರಕ್ಕೊಮ್ಮೆ, ಅದೇ ಪ್ಯಾಂಟು ಹಾಕಿಕೊಂಡು ಅವನ ಅಂಗಡಿಯ ಮುಂದೆ ನಿಧಾನವಾಗಿ ನಡೆದರು. ಒಳಗೆ ಹೊಸ ಗಿರಾಕಿ ಕಂಡರೆ ನಿಂತು, ಸಲಾಮು ಮಾಡಿ, "ಆಪ್ ಕೀ ಸಿಲಾಯಿ, ಮಾಸ್ಟರ್ ಸಾಬ್" ನಿಮ್ಮದೇ ಹೊಲಿಗೆ ಎಂದು, ಪ್ಯಾಂಟಿನ ಕೆಳಗೆ ಇಣುಕುವ ಕಾಲಿನ ಗೆಣ್ಣು ತೋರಿಸಿ ಮುಂದೆ ಹೋಗುತ್ತಿದ್ದರು. ಕೊನೆಗೆ ಆ ಟೇಲರೇ ಅಂಗಡಿಯನ್ನು ಹಿಂದಿನ ಗಲ್ಲಿಗೆ ಸಾಗಿಸಿದ. ಕಾಕಾ ಹಿಂದಿನ ಗಲ್ಲಿಯಲ್ಲಿ ಓಡಾಡತೊಡಗಿದರು.

ಬರ್ಕತ್‌ಪುರಾದ ನಮ್ಮ ವಠಾರದಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ರಾಯಚೂರು ಕಡೆಯವರು. ಮದುವೆಯಾಗಿರಲಿಲ್ಲ. ಜೊತೆಗೆ ಗಂಡನನ್ನು ಕಳೆದುಕೊಂಡ ತಂಗಿ ನೀಲಮ್ಮ ಅತ್ತಿ ಇದ್ದರು. ಕಾಕಾ ಒಂದು ಸರ್ಕಾರಿ ಕಛೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ತೆಲುಗು ರಾಜ್ಯ ಇನ್ನೂ ಎರಡಾಗದೆ ಒಂದೇ ಇದ್ದ ಕಾಲ ಅದು. ಮನೆಗಳಲ್ಲಿ ಕಂಪ್ಯೂಟರು ಅಪರೂಪವಾಗಿದ್ದಾಗಲೇ ಕಾಕಾ ಒಂದನ್ನು ತಂದಿದ್ದರು, ತಕರಾರು ಅರ್ಜಿ ಬರೆಯಲು. ನಳದ ನೀರು, ಬೀದಿ ದೀಪ, ಎದುರು ಮನೆಯ ನಾಯಿ, ಎಲ್ಲದರ ಮೇಲೂ ಅವರ ಅರ್ಜಿ ಇರುತ್ತಿತ್ತು. ಬೇಗ ಮುಟ್ಟಲಿ ಎಂದು ಇಂಟರ್‌ನೆಟ್ಟನ್ನೂ ಹಾಕಿಸಿದ್ದರು.

ಆ ಕಂಪ್ಯೂಟರಿನಲ್ಲೇ ನಾನು ಗೇಮ್ ಆಡುತ್ತಿದ್ದೆ. ಆಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಸಂಜೆ ಐದರಿಂದ ಏಳರವರೆಗೆ ನನ್ನ ಹೊತ್ತು. ಕೋಟೆ, ಕಾಡು, ರಾಕ್ಷಸರು ತುಂಬಿದ ಒಂದು ಲೋಕ. ಅದರೊಳಗೆ ಊರೂರಿನ ಜನ ಒಟ್ಟಿಗೆ ಸೇರಿ, ಗುಂಪು ಕಟ್ಟಿಕೊಂಡು ಹೊಡೆದಾಡುತ್ತಿದ್ದರು. ನಾನು ವಾರಿಯರ್ ಆಗಿದ್ದೆ, ಅಂದರೆ ಕತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನುಗ್ಗುವವಳು. ಕಾಕಾ ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ನಶ್ಯ ಏರಿಸುತ್ತಾ, ಪರದೆ ನೋಡುತ್ತಾ ಕೂರುತ್ತಿದ್ದರು. ಮೊದಮೊದಲು ಅವರಿಗೆ ಅದೆಲ್ಲ ಹುಚ್ಚಾಟವಾಗಿ ಕಂಡಿತ್ತು. "ಇದರಾಗ ಅಪಮಾನ ಆಗೋದು ಐತೇನು?" ಎಂದು ಒಮ್ಮೆ ಕೇಳಿದ್ದರು. ಇಲ್ಲ ಎಂದಿದ್ದೆ. "ಹಂಗಾದ್ರ ಏನ್ ಮಜಾ!" ಎಂದು ಎದ್ದು ಹೋಗಿದ್ದರು.

ಅಪಮಾನ ಆಯಿತು. ನಮ್ಮ ಗುಂಪಿನಲ್ಲಿದ್ದವರೆಲ್ಲ ಹೈದರಾಬಾದಿನವರೇ. ಮಾದಾಪುರದಲ್ಲಿ ಕೆಲಸ ಮಾಡುವ ಒಬ್ಬ ಅದರ ನಾಯಕ. ಗೇಮಿನಲ್ಲಿ ಅವನ ಹೆಸರು ರಾಜಾ. ಮೂರು ತಿಂಗಳು ಬೆವರು ಹರಿಸಿ ನಾನು ಒಂದು ಕತ್ತಿ ಗಳಿಸಿದ್ದೆ. ಇಡೀ ಗುಂಪಿನಲ್ಲಿ ಅಂಥದ್ದು ಯಾರ ಬಳಿಯೂ ಇರಲಿಲ್ಲ. ಒಂದು ನಿಮಿಷ ಹಿಡಿದು ನೋಡಿ ಕೊಡುತ್ತೇನೆ ಎಂದ ರಾಜಾ. ನಂಬಿ ಕೊಟ್ಟೆ. ಅವನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರೂ ಓದುವಂತೆ ತೆಲುಗಿನಲ್ಲಿ ಬರೆದ: "ಅಮ್ಮಾಯಿ, ವೆಳ್ಳಿ ವಂಟ ಚೇಸ್ಕೋ." ಹೋಗಿ ಅಡುಗೆ ಮಾಡಿಕೋ ಹುಡುಗಿ ಎಂದು. ಮರುಕ್ಷಣ ನನ್ನನ್ನು ಗುಂಪಿನಿಂದ ತೆಗೆದುಹಾಕಿದ. ಇಪ್ಪತ್ತು ಜನ ನಕ್ಕರು. ಒಬ್ಬನೂ ನನ್ನ ಪರವಾಗಿ ಒಂದು ಅಕ್ಷರ ಬರೆಯಲಿಲ್ಲ.

ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಅವನು ಎದುರಿಗಿದ್ದರೆ ಕಣ್ಣು ಕಿತ್ತುಬಿಡುತ್ತಿದ್ದೆ. ಕಾಕಾ ಇಡೀ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಅವರ ಮುಖ ಅರಳಿತು. ಇಷ್ಟು ದಿನ ಅರ್ಥವಾಗದ ಗೇಮು ಆ ಸಂಜೆ ಅವರಿಗೆ ತಟ್ಟನೆ ಅರ್ಥವಾಗಿತ್ತು.

"ಅಳಬ್ಯಾಡ ವಿಜ್ಜಿ. ಹೊಸಾ ವೇಷ ಹಾಕು. ಮೊದಲಿಂದ ಶುರು ಮಾಡೂಣು," ಎಂದರು.

ಹೊಸ ಹೆಸರಿನಲ್ಲಿ ಶುರು ಮಾಡಿದರೆ ಮೊದಲು ಒಂದು ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ಐದು ಜನ ಸಾಲಾಗಿ ನಿಂತಿರುತ್ತಾರೆ. ಯಾರಾಗಬೇಕೋ ಆರಿಸಿಕೊಳ್ಳಬೇಕು. ಒಮ್ಮೆ ಆರಿಸಿದರೆ ಮತ್ತೆ ಬದಲಾಯಿಸುವಂತಿಲ್ಲ. ನಾನು ನೇರ ವಾರಿಯರ್ ಮೇಲೆ ಬೆರಳಿಟ್ಟೆ. ಕಾಕಾ ನನ್ನ ಕೈ ಹಿಡಿದರು.

"ತಡಿ ತಡಿ. ಇವರು ಯಾರ್ಯಾರು ಹೇಳು ನನಗ."

ಹೇಳಿದೆ. ವಾರಿಯರ್ ಮುಂದೆ ನಿಂತು ಪೆಟ್ಟು ತಿನ್ನುತ್ತಾನೆ, ಪೆಟ್ಟು ಕೊಡುತ್ತಾನೆ. ಮಾಂತ್ರಿಕ ದೂರದಿಂದ ಬೆಂಕಿ ಎಸೆಯುತ್ತಾನೆ. ಬಿಲ್ಲುಗಾರ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ. ಕಳ್ಳ ಬೆನ್ನಿಗೆ ಚೂರಿ ಹಾಕುತ್ತಾನೆ. ಹೀಲರ್ ಯಾರನ್ನೂ ಹೊಡೆಯುವುದಿಲ್ಲ, ಗಾಯವಾದವರಿಗೆ ಪ್ರಾಣ ತುಂಬುತ್ತಾನೆ, ಅಷ್ಟೆ.

ಕಾಕಾ ಕನ್ನಡಕ ಮೇಲೇರಿಸಿ ಐವರನ್ನೂ ನೋಡಿದರು. ಕಛೇರಿಗೆ ಹೊಸದಾಗಿ ಬಂದ ನೌಕರರನ್ನು ನೋಡುವ ನೋಟ ಅದು. "ಇಂವಾ ಮಂತ್ರಿ," ಎಂದು ವಾರಿಯರನ್ನು ತೋರಿಸಿದರು. "ಬರೇ ಗದ್ದಲಾ. ಮಾಂತ್ರಿಕ ಅನ್ನಾಂವ ದೊಡ್ಡ ಸಾಹೇಬ, ದೂರಿಂದ ಬೆಂಕಿ ಹಚ್ಚತಾನ. ಬಿಲ್ಲಿನಾಂವ ಪೇಪರಿನವ. ಕಳ್ಳ ಗುತ್ತಿಗೆದಾರ, ಅಂವಗ ಯಾರೂ ನಂಬಂಗಿಲ್ಲ." ನೋಟ ಹೀಲರ್ ಹತ್ತಿರ ಬಂದು ನಿಂತಿತು. "ಸೆಕ್ಷನ್ ಕ್ಲರ್ಕ್ ಯಾಂವ ಅಂತ ಹುಡುಕಾಕತ್ತಿದ್ದೆ. ಸಿಕ್ಕ ನೋಡು. ಈ ಕಂಪೌಂಡರ್ ಆಗು."

"ಏನ್ರೀ ಕಾಕಾ! ಹೀಲರ್ ಆಗಿ ಸೇಡು ತೀರಸಾಕ ಬರತೈತೇನ್ರಿ? ಕೈಯಾಗ ಒಂದು ಚಾಕೂನೂ ಕೊಡಂಗಿಲ್ಲ ಅವರು."

"ನನ್ನ ಕೈಯಾಗ ಏನಿತ್ತು ಚಾಕೂ? ಮಂತ್ರಿ ಸಹಿ ಮಾಡತಿದ್ದ, ಸಾಹೇಬ ಸಹಿ ಮಾಡತಿದ್ದ. ಫೈಲ್ ಮಾತ್ರ ನನ್ನ ಟೇಬಲ್ ಮ್ಯಾಲಿಂದನಽ ಹೋಗಬೇಕು. ನಾ ನೂಕಿದ್ರ ಹೋತು, ನೂಕಲಿಲ್ಲಂದ್ರ ಕುಂತು. ಜೀವಾ ಕೊಡೋದು ಯಾರ ಕೈಯಾಗ ಐತಿ, ತಡಾ ಮಾಡೋದೂ ಅವರ ಕೈಯಾಗನಽ ಐತಿ."

ಹೀಗೆ ನಾನು ಹೀಲರ್ ಆದೆ. ಹೆಸರು ಶಾಂತಿ ಎಂದು ಇಟ್ಟವರೂ ಕಾಕಾ. ಅದನ್ನು ಹೇಳುವಾಗ ಅವರು ನಶ್ಯದ ಡಬ್ಬಿ ಕೆಳಗೆ ಬೀಳುವಷ್ಟು ನಕ್ಕರು.

ಮುಂದಿನ ಎಂಟು ತಿಂಗಳು ಅವರು ನನಗೆ ಕಲಿಸಿದ್ದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಒಂದು ದಿನವೂ ತಡವಾಗಿ ಹೋಗಬಾರದು. ಬಾಯಿ ತೆಗೆಯಬಾರದು. ಬೈದರೆ ತಪ್ಪಾಯಿತು ಎನ್ನಬೇಕು, ಹೊಗಳಿದರೆ ಕೇಳಿಸದಂತೆ ಇರಬೇಕು. "ಆಂವಾ ನೀ ಅದೀ ಅನ್ನೋದು ಮರೀಬೇಕು. ಗ್ವಾಡಿ ಐತಿ ಅನ್ನೋದು ಮರತು ಅದಕ್ಕ ಆನಕೊಂಡು ಕೂಡಂಗಿಲ್ಲೇನು, ಹಂಗ," ಎನ್ನುತ್ತಿದ್ದರು. ಶಾಂತಿಯಾಗಿ ನಾನು ರಾಜಾನ ಗುಂಪು ಸೇರಿದೆ. ಅವನಿಗೆ ಗುರುತು ಹತ್ತಲಿಲ್ಲ. ಅವನ ಸೊಂಟದಲ್ಲಿ ನನ್ನ ಕತ್ತಿ ನೇತಾಡುತ್ತಿತ್ತು. ಅದನ್ನು ನೋಡುತ್ತಲೇ ದಿನಾ ಎರಡು ತಾಸು ಅವನಿಗೆ ಪ್ರಾಣ ತುಂಬಿದೆ. ಅವನ ತಲೆಯ ಮೇಲೆ, ಉಳಿದ ಪ್ರಾಣ ಎಷ್ಟೆಂದು ತೋರಿಸುವ ಕೆಂಪು ಗೆರೆ ಅರ್ಧಕ್ಕೆ ಇಳಿಯುವ ಮೊದಲೇ ನನ್ನ ಬೆರಳು ಗುಂಡಿಯ ಮೇಲಿರುತ್ತಿತ್ತು. ನೀಲಮ್ಮ ಅತ್ತಿ ಅವಲಕ್ಕಿ ಚೂಡಾ ತಂದಿಟ್ಟು, "ಇಬ್ಬರಿಗೂ ಹುಚ್ಚ ಹಿಡದೈತಿ" ಎಂದು ಹೋಗುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ಯಾರನ್ನೂ ದ್ವೇಷಿಸಿದ ನೆನಪಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗುಂಪು ಪಾತಾಳದ ಸರ್ಪವನ್ನು ಹೊಡೆಯಲು ಹೊರಟಿತು. ಆ ಗುಹೆಗೆ ಒಂದು ನಿಯಮವಿತ್ತು. ಅಲ್ಲಿ ಸತ್ತವನ ಆಯುಧ ಕೆಳಗೆ ಬೀಳುತ್ತದೆ, ಹತ್ತಿರ ಇದ್ದವರು ಎತ್ತಿಕೊಳ್ಳಬಹುದು. ನಾವು ಕಾಯುತ್ತಿದ್ದದ್ದು ಇದಕ್ಕೇ. ಕಾಕಾ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು.

ಇಪ್ಪತ್ತು ಜನರೂ ಗುಹೆಯ ಬಾಗಿಲಲ್ಲಿ ಹಿಂಜರಿದರು. ರಾಜಾ ಎಲ್ಲರಿಗೂ ಬರೆದ: "ಶಾಂತಿ ಉಂದಿ ಕದಾ, ಭಯಂ ಲೇದು." ಶಾಂತಿ ಇದ್ದಾಳಲ್ಲ, ಹೆದರಿಕೆ ಇಲ್ಲ ಎಂದು. ಬರೆದು ಒಬ್ಬನೇ ಮುಂದೆ ನುಗ್ಗಿದ. ಕಾಕಾ ಆ ಸಾಲನ್ನು ತುಟಿಯಲ್ಲೇ ಎರಡು ಸಲ ಓದಿಕೊಂಡರು.

ಸರ್ಪ ಹೊಡೆಯಿತು. ಕೆಂಪು ಗೆರೆ ಅರ್ಧಕ್ಕೆ ಬಂತು. ನಾನು ಕೈ ಕಟ್ಟಿ ಕುಳಿತೆ. ಕಾಲು ಭಾಗಕ್ಕೆ ಬಂತು. "ಹೀಲ್, ಹೀಲ್," ಎಂದು ಅವನು ಬರೆಯತೊಡಗಿದ. ಬೈಯಲಿಲ್ಲ. "ಶಾಂತಿ, ನಿನ್ನ ಕರೆಂಟ್ ಹೋಯಿತಾ?" ಎಂದು ಕೇಳಿದ.

"ವಿಜ್ಜಿ," ಎಂದರು ಕಾಕಾ. ದನಿ ಬೇರೆಯಾಗಿತ್ತು. "ಕೊಟ್ಟುಬಿಡವಾ. ಸಾಕಿನ್ನ."

ನಾನು ತಿರುಗಿ ನೋಡಲಿಲ್ಲ.

"ಹೇಳೂದು ಕೇಳು. ಆಂವಾ ನಂಬ್ಯಾನ. ಕೊಡು," ಎಂದು ಅವರು ಮೌಸ್‌ಗೆ ಕೈ ಹಾಕಿದರು. ನಾನು ಆ ಕೈಯನ್ನು ಜೋರಾಗಿ ಹೊಡೆದು ಸರಿಸಿದೆ. ಅಪ್ಪನಿಗಿಂತ ಹಿರಿಯರ ಕೈ. ಕಾಕಾ ಅದನ್ನು ಮಡಿಲಿಗೆ ಎಳೆದುಕೊಂಡರು. ರಾಜಾ ಬಿದ್ದ. ನಾನು ಕತ್ತಿ ಎತ್ತಿಕೊಂಡು, ಇಪ್ಪತ್ತು ಜನರ ಎದುರಿಗೆ ನನ್ನ ಹಳೆಯ ಹೆಸರು ಬರೆದು, ಅದರ ಕೆಳಗೆ ಬರೆದೆ: "ವಂಟ ಅಯಿಂದಿ." ಅಡುಗೆ ಆಯಿತು. ರಾಜಾ ಹೊರಟುಹೋದ. ಆ ಗೇಮಿಗೆ ಅವನು ಮತ್ತೆ ಬರಲೇ ಇಲ್ಲ. ಅವನ ವಿಷಯದಲ್ಲಿ ನನಗೆ ಇವತ್ತಿಗೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಕುಣಿಯಬೇಕು ಎನಿಸುತ್ತಿತ್ತು. ಆದರೆ ಪಕ್ಕದಲ್ಲಿ ಕಾಕಾ ಬೇರೇನೋ ಹೇಳತೊಡಗಿದ್ದರು. ಹಿಂದೆ ಒಬ್ಬ ಸಾಹೇಬ ಇವರ ಫೈಲನ್ನು ನೆಲಕ್ಕೆಸೆದು, ಎಲ್ಲರ ಮುಂದೆ ಒಂದೊಂದೇ ಹಾಳೆ ಹೆಕ್ಕಿಸಿದ್ದನಂತೆ. ನಾಲ್ಕು ವರ್ಷದ ಮೇಲೆ ಅದೇ ಸಾಹೇಬನ ವರ್ಗಾವಣೆ ಅರ್ಜಿ ಇವರ ಟೇಬಲ್ಲಿಗೆ ಬಂತು. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಹತ್ತಿರಕ್ಕೆ ಹಾಕಿ ಎಂದು ಬೇಡಿಕೆ. ಕಾಕಾ ಒಂದಾದ ಮೇಲೊಂದು ಆಕ್ಷೇಪಣೆ ಹಾಕಿದರು. ಈ ಸಹಿ ಇಲ್ಲ, ಆ ಪ್ರಮಾಣಪತ್ರ ಹಳೆಯದು. ಏಳು ತಿಂಗಳು.

"ಆರ್ಡರ್ ಕೈಗೆ ಬರೂದ್ರಾಗ ತಾಯಿ ಹೋಗಿದ್ದಳು," ಎಂದರು. "ಆಂವಾ ನನ್ನ ಟೇಬಲ್‌ಗೆ ಬಂದ. ಕೈ ಮುಗುದ. ‘ಶರಣಪ್ಪಗಾರು, ಮೀರು ಚಾಲಾ ಕಷ್ಟಪಡ್ಡಾರು’ ಅಂದ. ನನಗ, ವಿಜ್ಜಿ. ನೀವು ಭಾಳ ಒದ್ದಾಡಿದ್ರಿ ನನ್ನ ಸಲುವಾಗಿ ಅಂತ, ನನಗ ಕೈ ಮುಗುದ."

ನಾನು ಕನಿಕರ ಪಡಬೇಕಿತ್ತು. ಪಡಲಿಲ್ಲ. ಎಂಟು ತಿಂಗಳು ಕಾದು ಗಳಿಸಿದ ಆ ಐದು ನಿಮಿಷವನ್ನು ಈ ಮುದುಕ ಹಾಳು ಮಾಡಿಬಿಟ್ಟನಲ್ಲ ಎಂದು ಮೈ ಉರಿಯಿತು.

"ಈಗ ಹೇಳ್ತೀರೇನ್ರಿ ಇದನ್ನ? ಶುರು ಮಾಡೋ ಮೊದಲ ಹೇಳಬೇಕಾಗಿತ್ತು," ಎಂದು ಎದ್ದು ಮೇಲೆ ಬಂದೆ.

ಕಾಕಾನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಬೇರೆ ವಿದ್ಯೆ ಹುಡುಕಬೇಕಾಗಿರಲಿಲ್ಲ. ಕೆಳಗೆ ಹೋಗುವುದನ್ನು ನಿಲ್ಲಿಸಿದೆ, ಅಷ್ಟೆ. ಸಂಜೆ ಐದಕ್ಕೆ ಅವರು ಅಂಗಳದಲ್ಲಿ ನಿಂತು ಮೇಲೆ ನೋಡುವುದು ಕಿಟಕಿಯಿಂದ ಕಾಣುತ್ತಿತ್ತು. ನೀಲಮ್ಮ ಅತ್ತಿ ಕರೆಯಲು ಬಂದರೆ ತಲೆನೋವು ಎಂದೆ. ಮರುವಾರ ರೆಕಾರ್ಡ್ ಬರೆಯುವುದಿದೆ ಎಂದೆ. ಆಮೇಲೆ ಪರೀಕ್ಷೆ ಎಂದೆ. ಎಂದೂ ಬರುವುದಿಲ್ಲ ಎನ್ನಲಿಲ್ಲ. ಪ್ರತಿ ಸಲವೂ ನಾಳೆ ಬರುತ್ತೇನೆ ಎಂದೇ ಹೇಳಿದೆ. ಅದೂ ಅವರು ಕಲಿಸಿದ್ದೇ. ಬಾಗಿಲು ಮುಚ್ಚಿದರೆ ಮನುಷ್ಯ ಬೇರೆ ದಾರಿ ಹಿಡಿಯುತ್ತಾನೆ, ಅರ್ಧ ತೆರೆದಿಟ್ಟರೆ ಅಲ್ಲೇ ನಿಂತಿರುತ್ತಾನೆ. ನಾಲ್ಕು ತಿಂಗಳು ಅವರನ್ನು ಹಾಗೇ ನಿಲ್ಲಿಸಿದೆ.

ಕೊನೆಯ ಸಲ ಅವರು ಸಿಕ್ಕಿದ್ದು ತರಕಾರಿ ಗಾಡಿಯ ಹತ್ತಿರ. ಸೊರಗಿದ್ದರು. ಬೆಂಡೆಕಾಯಿಯ ತುದಿ ಮುರಿಯುತ್ತಾ, ನನ್ನ ಕಡೆ ನೋಡದೆ, "ವಿಜ್ಜಿ, ಗೇಮಿನ ಮೊದಲನೇ ಊರಾಗ, ಆ ಅಗಸಿ ಬಾಗಲದ ಹೊರಗ ತ್ವಾಳ ಅದಾವಲ್ಲಾ, ಅವನ್ನ ಹೆಂಗ ದಾಟಬೇಕು?" ಎಂದು ಕೇಳಿದರು.

"ಬಂದು ತೋರಸ್ತೀನ್ರಿ. ಪರೀಕ್ಷಾ ಮುಗೀಲಿ," ಎಂದೆ.

"ಆಗ್ಲಿ. ನಿನ್ನ ಅಭ್ಯಾಸ ಮೊದಲು," ಎಂದು ಚೀಲ ಎತ್ತಿಕೊಂಡು ಹೋದರು.

ಪರೀಕ್ಷೆ ಮುಗಿದು ಎರಡು ವಾರವಾದರೂ ನಾನು ಹೋಗಲಿಲ್ಲ. ಮೂರನೆಯ ವಾರ, ಒಂದು ಮಧ್ಯಾಹ್ನ, ಊಟ ಮಾಡಿ ಕುರ್ಚಿಯಲ್ಲಿ ಕೂತಲ್ಲೇ ಕಾಕಾ ತೀರಿಕೊಂಡರು.

ದಿನಕರ್ಮವೆಲ್ಲ ಆದ ಮೇಲೆ ನೀಲಮ್ಮ ಅತ್ತಿ ನನ್ನನ್ನು ಕೆಳಗೆ ಕರೆದರು. ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡಬೇಕು, ಒಳಗೆ ಏನಿದೆಯೋ ನೋಡು ಎಂದರು. "ದಿನಾ ಐದಕ್ಕ ಹಚ್ಚತಿದ್ದ. ಒಳಗ ಯಾವನೋ ಒಬ್ಬಾಂವ ಬರೇ ಬಿದ್ದಿರತಿದ್ದ. ಎಬ್ಬಿಸೋ ಅಂದ್ರ, ‘ನನ್ನಿಂದ ಆಗಂಗಿಲ್ಲ, ವಿಜ್ಜಿ ಬಂದು ಎಬ್ಬಸ್ತಾಳ’ ಅಂತಿದ್ದ."

ಗೇಮ್ ತೆರೆದೆ. ಅವರು ತಮ್ಮದೇ ಹೆಸರಿನಲ್ಲಿ ಒಬ್ಬನನ್ನು ಮಾಡಿದ್ದರು. ಐವರಲ್ಲಿ ಆರಿಸಿಕೊಂಡದ್ದು ವಾರಿಯರನ್ನು. ಬರೇ ಗದ್ದಲ ಎಂದು ತಾವೇ ನಕ್ಕಿದ್ದ, ಹೀಲರ್ ಇಲ್ಲದೆ ಒಂದು ಹೆಜ್ಜೆ ಮುಂದಿಡಲಾಗದ ವಾರಿಯರನ್ನು. ಮೊದಲನೇ ಲೆವೆಲ್ಲು. ಊರ ಅಗಸಿಯಿಂದ ಹತ್ತು ಮಾರು ಹೊರಗೆ, ತೋಳಗಳ ಕಾಲಡಿ ಅಂಗಾತ ಬಿದ್ದಿದ್ದ. ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ಎದ್ದು ಊರೊಳಗೆ ಹೋಗಬಹುದಿತ್ತು. ಇನ್ನೊಂದು, ಹೀಲರ್ ಬರುವವರೆಗೆ ಕಾಯುವುದು. ಕಾಕಾ ಒತ್ತಿದ್ದು ಎರಡನೆಯದನ್ನು.

ನನ್ನ ಮೇಲೆ ಇಷ್ಟು ಪೂರ್ತಿಯಾಗಿ ಯಾರೂ ಸೇಡು ತೀರಿಸಿಕೊಂಡಿಲ್ಲ. ಅವರು ಬೇಕೆಂದೇ ಮಾಡಿದರೋ ಇಲ್ಲವೋ ನನಗೆ ತಿಳಿಯದು. ಮಾಡಿದ್ದರೆ ಅವರಿಗೆ ಶಹಬ್ಬಾಸ್ ಎನ್ನುತ್ತೇನೆ, ಹಲ್ಲು ಕಚ್ಚಿಕೊಂಡು. ಮಾರನೆಯ ದಿನ ಕಾಕಾನ ಕಂಪ್ಯೂಟರಿನಲ್ಲಿ ಅವನನ್ನು ಹಾಗೇ ತೆರೆದಿಟ್ಟು, ಕೋಠಿಯ ಒಂದು ಸೈಬರ್ ಕೆಫೆಗೆ ಹೋಗಿ ಶಾಂತಿಯಾಗಿ ಒಳಹೊಕ್ಕೆ. ಆ ಊರಿಗೆ ನಡೆದು, ತೋಳಗಳ ನಡುವೆ ನಿಂತು ಗುಂಡಿ ಒತ್ತಿದೆ. ಮೂರು ಸೆಕೆಂಡಿನ ಕೆಲಸ. ಕೆಂಪು ಗೆರೆ ತುಂಬಿತು. ಶರಣಪ್ಪ ಎದ್ದು ನಿಂತ, ನನ್ನ ಕಡೆ ಮುಖ ಮಾಡಿ. ಅವನನ್ನು ಮುಂದೆ ನಡೆಸುವವರು ಯಾರೂ ಇರಲಿಲ್ಲ.